ನಾಟಿ ಸಾಫ್ಟ್‌ವೇರ್ ವಿಮರ್ಶೆ: ಗ್ರಾಫ್ ಥಿಯರಿ ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ, ಆದರೆ ಕೈ ಹಿಡಿದು ನಡೆಸುವುದಿಲ್ಲ

ಗ್ರಾಫ್ ಎಂದರೆ ಶೃಂಗಗಳೆಂಬ ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಅಂಚುಗಳು. 10 ಶೃಂಗಗಳ ಗ್ರಾಫ್‌ಗಳು ಒಟ್ಟು 1,20,05,168. ಒಂದರಂತೆ ಇನ್ನೊಂದಿಲ್ಲ, ಒಂದೂ ಬಿಟ್ಟುಹೋಗಿಲ್ಲ ಎಂಬ ಖಾತರಿಯೊಂದಿಗೆ ಇಷ್ಟನ್ನೂ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಪಟ್ಟಿ ಮಾಡಿಕೊಡುವ ಪ್ರೋಗ್ರಾಂ ಜೆಂಗ್ (geng). ಅದು ನಾಟಿ (nauty) ಎಂಬ ಉಚಿತ ಪ್ಯಾಕೇಜಿನ ಒಂದು ಭಾಗ. ಎರಡು ಗ್ರಾಫ್ ಐಸೊಮಾರ್ಫಿಕ್ (ಶೃಂಗಗಳ ಹೆಸರು ಬದಲಿಸಿದರೆ ಒಂದೇ ಆಗುವಂಥವು) ಹೌದೇ, ಒಂದು ಗ್ರಾಫ್‌ಗೆ ಎಷ್ಟು ಆಟೊಮಾರ್ಫಿಸಂ (ಗ್ರಾಫ್ ಬದಲಾಗದಂತೆ ಶೃಂಗಗಳನ್ನು ಅದಲುಬದಲು ಮಾಡುವ ಬಗೆಗಳು) ಇವೆ, ಅದರ ಕೆನಾನಿಕಲ್ ರೂಪ (ಐಸೊಮಾರ್ಫಿಕ್ ಆದ ಎಲ್ಲಕ್ಕೂ ಒಂದೇ ಬರುವ ರೂಪ) ಯಾವುದು ಎಂದು ಕಂಡುಹಿಡಿಯುವುದು ನಾಟಿಯ ಮೂಲ ಕೆಲಸ. ಅದರ ಜೊತೆಗೆ ಟ್ರೇಸಸ್ ಎಂಬ ಇನ್ನೊಂದು ಎಂಜಿನ್ ಬರುತ್ತದೆ, ಹತ್ತಾರು ಸಣ್ಣ ಕಮಾಂಡ್‌ಗಳೂ ಬರುತ್ತವೆ. ಕಾಂಬಿನಟೋರಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಮೊದಲ ವರ್ಷದಲ್ಲೇ ಕಲಿಯಬೇಕಾದ ಸಾಧನ ಇದು. ಕಲಿಯುವಾಗ ಎಲ್ಲಿ ಎಡವುತ್ತಾರೆ ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಎಡವಿದರೂ ಪ್ರೋಗ್ರಾಂ ಎಷ್ಟೋ ಸಲ ಎರರ್ ತೋರಿಸದೆ ತಪ್ಪು ಉತ್ತರವನ್ನೇ ಕೊಟ್ಟುಬಿಡುತ್ತದೆ.

ನಾಟಿಯನ್ನು ಬರೆದವರು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಬ್ರೆಂಡನ್ ಮೆಕೇ. ಅವರ ಸಂಶೋಧನೆಯ ದಾರಿ ಗೊತ್ತಿದ್ದರೆ ಈ ಪ್ಯಾಕೇಜ್ ಹೀಗೇಕಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ವಿಧಾನದ ಮೂಲ ಪ್ರಬಂಧ ಬಂದದ್ದು 1981ರಲ್ಲಿ. ಒಂದೇ ಗ್ರಾಫ್ ಎರಡು ಸಲ ಬಾರದಂತೆ ಹುಟ್ಟಿಸುವ ಬಗೆಯನ್ನು 1998ರ ಪ್ರಬಂಧ ವಿವರಿಸಿತು. ರೋಮ್‌ನ ಅಡಾಲ್ಫೊ ಪಿಪೆರ್ನೊ ಜೊತೆ 2014ರಲ್ಲಿ ಬರೆದ ಪ್ರಬಂಧ ಟ್ರೇಸಸ್ಸನ್ನು ನಾಟಿಯ ಜೊತೆಗಿಟ್ಟು ಹೋಲಿಸಿತು. ನಡುವೆ 1995ರಲ್ಲಿ ಸ್ಟಾನಿಸ್ಲಾವ್ ರಾಡ್ಜಿಷೋವ್‌ಸ್ಕಿ ಜೊತೆ ರ‍್ಯಾಮ್ಸೆ ಸಂಖ್ಯೆ ಆರ್(4,5) = 25 ಎಂದು ಕಂಪ್ಯೂಟರ್ ಸಹಾಯದಿಂದ ಸಾಧಿಸಿದರು. 25 ಜನರ ಯಾವುದೇ ಕೂಟದಲ್ಲಿ ಪರಸ್ಪರ ಪರಿಚಿತರಾದ 4 ಮಂದಿಯೋ ಪರಸ್ಪರ ಅಪರಿಚಿತರಾದ 5 ಮಂದಿಯೋ ಇದ್ದೇ ಇರುತ್ತಾರೆ, 24 ಜನರಾದರೆ ಹಾಗಾಗಬೇಕೆಂದಿಲ್ಲ ಎಂಬುದು ಇದರ ಅರ್ಥ. ಆ 24 ಶೃಂಗಗಳ ಗ್ರಾಫ್‌ಗಳ ಪೂರ್ಣ ಪಟ್ಟಿಯಲ್ಲಿ 3,52,366 ಗ್ರಾಫ್‌ಗಳಿವೆ. ವಿಗ್ಲೈಕ್ ಆಂಗೆಲ್ಟ್‌ವೈಟ್ ಮತ್ತು ಮೆಕೇ ಆರ್(5,5)ರ ಮೇಲ್ಮಿತಿಯನ್ನು 48ಕ್ಕೆ ಇಳಿಸಿದ್ದು ಆ ಪಟ್ಟಿಯ ಬಲದಿಂದಲೇ. ಆಮೇಲೆ ಅದನ್ನು 46ಕ್ಕೆ ತಂದರು. ಕೆಳಮಿತಿ ಮಾತ್ರ 1989ರಿಂದ 43ರಲ್ಲೇ ನಿಂತಿದೆ. ಲಕ್ಷ ಕೋಟಿಗಳಲ್ಲಿ ಗ್ರಾಫ್ ಹುಟ್ಟಿಸಿ ಸೋಸಿ ಬಿಸಾಡುವ ಕೆಲಸಕ್ಕೆಂದೇ ಕೂಡಿಸಿದ ಸಾಮಾನು ಇದು. ಹಾಗಾಗಿ ಚಿತ್ರವಿಲ್ಲ, ಮೆನು ಇಲ್ಲ. ಒಂದು ಸಾಲಿಗೆ ಒಂದು ಗ್ರಾಫ್, ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಪೈಪ್ ಹಾಕಿ ಒಂದಕ್ಕೊಂದು ಜೋಡಿಸಿಕೊಳ್ಳುವುದು ನಿಮ್ಮ ಕೆಲಸ.

ಇನ್‌ಸ್ಟಾಲ್ ಮಾಡುವುದು ಕಷ್ಟವಲ್ಲ. ಉಬುಂಟು ಅಥವಾ ಡೆಬಿಯನ್‌ನಲ್ಲಿ ಆಪ್ಟ್ ಮೂಲಕ ನಾಟಿ ಪ್ಯಾಕೇಜ್ ಹಾಕಿದರಾಯಿತು. ಹೊಸಬರು ಮೊದಲು ಮುಗ್ಗರಿಸುವುದು ಇಲ್ಲೇ: ಡೆಬಿಯನ್ ಕುಟುಂಬದಲ್ಲಿ ಎಲ್ಲ ಕಮಾಂಡ್‌ಗಳ ಹೆಸರಿನ ಆರಂಭದಲ್ಲಿ ನಾಟಿ ಮತ್ತು ಒಂದು ಅಡ್ಡಗೆರೆ ಸೇರಿರುತ್ತದೆ. ಬರೀ ಜೆಂಗ್ ಎಂದು ಟೈಪ್ ಮಾಡಿದರೆ ಕಮಾಂಡ್ ಸಿಗಲಿಲ್ಲ ಎಂದೇ ಉತ್ತರ, ನಾಟಿ-ಜೆಂಗ್ ಎಂದರೆ ಓಡುತ್ತದೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಇದೆ. ವಿಂಡೋಸ್‌ನವರು ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಅದರೊಳಗೆ ಕೆಲಸ ಮಾಡುವುದು ನೆಮ್ಮದಿ. ಸೋರ್ಸ್‌ನಿಂದ ಕಟ್ಟುವವರು ಕಾನ್ಫಿಗರ್, ಮೇಕ್ ಆದಮೇಲೆ ಮೇಕ್ ಚೆಕ್ಸ್ ಓಡಿಸುವುದನ್ನು ತಪ್ಪಿಸಬಾರದು. ಕೆಳಗೆ ಆಯ್ಕೆಗಳ ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ, ಸಣ್ಣಕ್ಷರಕ್ಕೂ ದೊಡ್ಡಕ್ಷರಕ್ಕೂ ಇರುವ ವ್ಯತ್ಯಾಸ ಗಮನಿಸಿ.

ಎಲ್ಲಕ್ಕಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಗ್ರಾಫ್6 ಫೈಲ್ ಫಾರ್ಮ್ಯಾಟ್. ಮೊದಲ ಅಕ್ಷರ ಶೃಂಗಗಳ ಸಂಖ್ಯೆಗೆ 63 ಕೂಡಿಸಿದ ಬೈಟ್ (62 ಶೃಂಗಗಳವರೆಗೆ ಹೀಗೆ). ಆಮೇಲೆ ಅಡ್ಜಸೆನ್ಸಿ ಮ್ಯಾಟ್ರಿಕ್ಸ್‌ನ (ಜೋಡಿಯ ನಡುವೆ ಅಂಚಿದ್ದರೆ 1, ಇಲ್ಲದಿದ್ದರೆ 0 ಎಂದು ಬರೆದ ಕೋಷ್ಟಕ) ಮೇಲಿನ ಅರ್ಧವನ್ನು ಕಂಬಸಾಲಿನಂತೆ ಓದಿ, ಆರಾರು ಬಿಟ್‌ಗಳ ಗುಂಪು ಮಾಡಿ, ಕೊನೆಯಲ್ಲಿ ಕಡಿಮೆ ಬಿದ್ದರೆ ಸೊನ್ನೆ ತುಂಬಿ, ಪ್ರತಿ ಗುಂಪಿಗೂ 63 ಕೂಡಿಸಬೇಕು. 0-1-2-3-4-0 ಎಂಬ ಐದರ ಚಕ್ರವನ್ನು ತೆಗೆದುಕೊಳ್ಳಿ. ಜೋಡಿಗಳ ಕ್ರಮ 01, 02, 12, 03, 13, 23, 04, 14, 24, 34. ಬಿಟ್‌ಗಳು 1010011001. ಮೊದಲ ಆರು 101001, ಅಂದರೆ 41, ಕೂಡಿಸಿದರೆ 104. ಉಳಿದ ನಾಲ್ಕಕ್ಕೆ ಎರಡು ಸೊನ್ನೆ ಸೇರಿಸಿದರೆ 100100, ಅಂದರೆ 36, ಕೂಡಿಸಿದರೆ 99. ಮೊದಲ ಬೈಟ್ 5 + 63 = 68. ಇಡೀ ಗ್ರಾಫ್ ಮೂರೇ ಬೈಟ್: 68, 104, 99. ಇದನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿದವರಿಗೆ ಮುಂದೆ ಫೈಲ್ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹಿಡಿಯುವುದು ಸುಲಭ.

ಈ ಫಾರ್ಮ್ಯಾಟ್‌ನ ತೊಂದರೆ ಏನೆಂದರೆ, 63ರಿಂದ 126ರವರೆಗಿನ ಬೈಟ್‌ಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ, ಬ್ಯಾಕ್‌ಸ್ಲ್ಯಾಶ್, ಬ್ಯಾಕ್‌ಟಿಕ್, ಪೈಪ್, ಟಿಲ್ಡೆ, ಚೌಕ ಆವರಣ, ಸುರುಳಿ ಆವರಣಗಳೂ ಸೇರಿವೆ. ಕಮಾಂಡ್‌ಗಳನ್ನು ಓದುವ ಶೆಲ್‌ಗೆ ಇವೆಲ್ಲ ವಿಶೇಷ ಅರ್ಥದವು. ಟರ್ಮಿನಲ್‌ನಲ್ಲಿ ಒಂದು ಗ್ರಾಫ್ ಅಂಟಿಸುವಾಗ ಒಂಟಿ ಉದ್ಧರಣ ಚಿಹ್ನೆಯೊಳಗೇ ಇಡಿ. ಪೈಥಾನ್ ಕೋಡ್‌ನಲ್ಲಿ ರಾ ಸ್ಟ್ರಿಂಗ್ ಬಳಸಿ, ಇಲ್ಲದಿದ್ದರೆ ಬ್ಯಾಕ್‌ಸ್ಲ್ಯಾಶ್ ಇರುವ ಗ್ರಾಫ್ ಬೇರೆಯದೇ ಆಗಿಬಿಡಬಹುದು. ಹಾಗೆಯೇ ಗ್ರಾಫ್6 ಫೈಲ್‌ಗಳನ್ನು ಸಾರ್ಟ್, ಕಾಮ್ ಮುಂತಾದ ಯುನಿಕ್ಸ್ ಕಮಾಂಡ್‌ಗಳಿಗೆ ಕೊಡುವ ಮುಂಚೆ ಎಲ್‌ಸಿ_ಆಲ್ ವೇರಿಯಬಲ್‌ಗೆ ಸಿ ಎಂದು ಕೊಡಿ (LC_ALL=C). ಬೇರೆ ಲೊಕೇಲ್‌ನಲ್ಲಿ ಅಕ್ಷರಕ್ರಮ ಬೈಟ್ ಕ್ರಮವಾಗಿರುವುದಿಲ್ಲ, ಎರಡು ಫೈಲ್‌ಗಳ ಹೋಲಿಕೆ ಹಳ್ಳ ಹಿಡಿಯುತ್ತದೆ.

ಜೆಂಗ್‌ನ ಆಯ್ಕೆಗಳಲ್ಲಿ ದಿನಾ ಬೇಕಾಗುವವು ಕೆಲವೇ. ಸಣ್ಣ ಸಿ ಹಾಕಿದರೆ ಕನೆಕ್ಟೆಡ್ (ಎಲ್ಲೂ ಕಡಿಯದೆ ಒಂದೇ ತುಂಡಾಗಿರುವ) ಗ್ರಾಫ್‌ಗಳು ಮಾತ್ರ, ಟಿ ಹಾಕಿದರೆ ತ್ರಿಕೋನ ಇಲ್ಲದವು, ಎಫ್ ಹಾಕಿದರೆ ನಾಲ್ಕರ ಚಕ್ರ ಇಲ್ಲದವು, ಬಿ ಹಾಕಿದರೆ ಬೈಪಾರ್ಟೈಟ್ (ಶೃಂಗಗಳು ಎರಡು ಗುಂಪಾಗಿ, ಅಂಚುಗಳೆಲ್ಲ ಗುಂಪುಗಳ ನಡುವೆಯೇ ಇರುವವು). ಸಣ್ಣ ಡಿ ಕನಿಷ್ಠ ಡಿಗ್ರಿ (ಡಿಗ್ರಿ ಎಂದರೆ ಒಂದು ಶೃಂಗಕ್ಕೆ ತಾಗುವ ಅಂಚುಗಳ ಸಂಖ್ಯೆ), ದೊಡ್ಡ ಡಿ ಗರಿಷ್ಠ ಡಿಗ್ರಿ. ಯು ಹಾಕಿದರೆ ಬರೆಯದೆ ಎಣಿಸುತ್ತದೆ. ಅಂಚುಗಳ ಮಿತಿಯನ್ನು 12:15 ಎಂಬಂತೆ ಕೊಡಬಹುದು. ಎಲ್ಲವನ್ನೂ ಹುಟ್ಟಿಸಿ ಆಮೇಲೆ ಪೈಥಾನ್‌ನಲ್ಲಿ ಸೋಸುತ್ತೇನೆ ಎನ್ನುವವರು ಈ ಲೆಕ್ಕ ನೋಡಬೇಕು: 10 ಶೃಂಗಗಳ ಕನೆಕ್ಟೆಡ್ ಗ್ರಾಫ್‌ಗಳು 1,17,16,571. ಅವುಗಳಲ್ಲಿ ತ್ರಿಕೋನ ಇಲ್ಲದವು 9,832 ಮಾತ್ರ. ಸಿ ಜೊತೆ ಟಿ ಆಯ್ಕೆಯನ್ನೂ ಕೊಟ್ಟರೆ ಜೆಂಗ್ ತ್ರಿಕೋನ ಬರುವ ಕೊಂಬೆಯನ್ನು ಬೇರಿನ ಹತ್ತಿರವೇ ಕತ್ತರಿಸಿ ಈ ಒಂಬತ್ತು ಚಿಲ್ಲರೆ ಸಾವಿರವನ್ನಷ್ಟೇ ಕೊಡುತ್ತದೆ.

ಡಿಸ್ಕ್ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 10 ಶೃಂಗಗಳ ಗ್ರಾಫ್‌ಗೆ ಸಾಲಿನ ಕೊನೆಯ ಬೈಟ್ ಸೇರಿ 10 ಬೈಟ್, ಒಟ್ಟು ಸುಮಾರು 120 ಎಂಬಿ. 11ಕ್ಕೆ ತಲಾ 12 ಬೈಟ್, ಗ್ರಾಫ್‌ಗಳು 101.9 ಕೋಟಿ, ಒಟ್ಟು 12.2 ಜಿಬಿ. 12ಕ್ಕೆ ಹೋದರೆ 16,509 ಕೋಟಿ ಗ್ರಾಫ್, ತಲಾ 13 ಬೈಟ್, ಎರಡು ಟಿಬಿ ಮೀರುತ್ತದೆ. ಹಾಗಾಗಿ 11ರ ನಂತರ ಫೈಲ್‌ಗೆ ಬರೆಯುವ ಮಾತೇ ಬೇಡ. ಪೈಪ್‌ನಲ್ಲೇ ಪರೀಕ್ಷಿಸಿ, ಬೇಕಾದ್ದನ್ನಷ್ಟೇ ಉಳಿಸಿಕೊಳ್ಳಿ.

12ರ ಕೆಲಸವನ್ನು ಹಂಚಲು ಜೆಂಗ್‌ಗೆ 0/500, 1/500 ಹೀಗೆ ಭಾಗದ ಸಂಖ್ಯೆ ಕೊಡುವ ಸೌಲಭ್ಯವಿದೆ. ಭಾಗಗಳು ಸಮನಾಗಿರುವುದಿಲ್ಲ. ಎಂಟು ಕೋರ್ ಇದೆಯೆಂದು ಎಂಟೇ ಭಾಗ ಮಾಡಿದರೆ ಏಳು ಬೇಗ ಮುಗಿದು ಎಂಟನೆಯದು ರಾತ್ರಿಯೆಲ್ಲ ಓಡುತ್ತಿರಬಹುದು. ಕೋರ್‌ಗಳ ಹಲವು ಪಟ್ಟು ಭಾಗ ಮಾಡಿ ಸರದಿಗೆ ಹಚ್ಚಿ. ತೀರಾ ಸಾವಿರಾರು ಮಾಡಿದರೂ ನಷ್ಟವೇ, ಏಕೆಂದರೆ ಮರದ ಬುಡದ ಭಾಗವನ್ನು ಪ್ರತಿ ಓಟವೂ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಎಲ್ಲ ಭಾಗಗಳಿಗೂ ಉಳಿದ ಆಯ್ಕೆಗಳು ಅಕ್ಷರಶಃ ಒಂದೇ ಇರಬೇಕು. ಕೆಲಸ ಮುಗಿದಾಗ ಜೆಂಗ್ ಸ್ಟ್ಯಾಂಡರ್ಡ್ ಎರರ್‌ಗೆ ಎಷ್ಟು ಗ್ರಾಫ್, ಎಷ್ಟು ಸಮಯ ಎಂಬ ಒಂದು ಸಾಲು ಬರೆಯುತ್ತದೆ. ಆ ಸಾಲು ಶುರುವಾಗುವುದು ದೊಡ್ಡದು ಎಂಬ ಚಿಹ್ನೆ ಮತ್ತು ಝೆಡ್ ಅಕ್ಷರದಿಂದ. ಕ್ಲಸ್ಟರ್‌ನಲ್ಲಿ ಸಮಯ ಮೀರಿ ಕೊಲ್ಲಲ್ಪಟ್ಟ ಕೆಲಸದಲ್ಲಿ ಈ ಸಾಲು ಇರುವುದಿಲ್ಲ, ಆದರೆ ಅದು ಆವರೆಗೆ ಬರೆದ ಅರ್ಧ ಫೈಲ್ ನೋಡಲು ಸಾಚಾ ಆಗಿಯೇ ಕಾಣುತ್ತದೆ. ಹಾಗಾಗಿ ಸಂದೇಶಗಳನ್ನು ಮುಚ್ಚಿಡುವ ಕ್ಯೂ ಆಯ್ಕೆಯನ್ನು ಹಂಚಿದ ಓಟಗಳಲ್ಲಿ ಬಳಸಬೇಡಿ. ಪ್ರತಿ ಭಾಗದ ಲಾಗ್ ಇಟ್ಟುಕೊಂಡು ಝೆಡ್ ಸಾಲುಗಳನ್ನು ಎಣಿಸಿ.

ಇನ್ನೂ ಆಳಕ್ಕೆ ಹೋಗುವವರಿಗೆ ಪ್ರೂನ್ ಇದೆ. ನಿಮ್ಮದೇ ಸಿ ಫಂಕ್ಷನ್ ಬರೆದು, ಕಂಪೈಲ್ ಮಾಡುವಾಗ ಅದರ ಹೆಸರನ್ನು ಪ್ರೂನ್ ಎಂಬ ಮ್ಯಾಕ್ರೋಗೆ ಕೊಟ್ಟರೆ, ಜೆಂಗ್ ಪ್ರತಿ ಹಂತದಲ್ಲೂ ಅದನ್ನು ಕರೆಯುತ್ತದೆ. 0 ಹಿಂತಿರುಗಿಸಿದರೆ ಗ್ರಾಫ್ ಉಳಿಯುತ್ತದೆ, ಬೇರೇನಾದರೂ ಕೊಟ್ಟರೆ ಆ ಗ್ರಾಫ್ ಮತ್ತು ಅದರ ಸಂತಾನವೆಲ್ಲ ಹೋಯಿತು. ಜೆಂಗ್ ಒಂದೊಂದೇ ಶೃಂಗ ಸೇರಿಸುತ್ತಾ ಬೆಳೆಸುವುದರಿಂದ, ನಡುವಿನ ಹಂತದಲ್ಲಿ ಕತ್ತರಿಸಬಹುದಾದ್ದು ಇಂಡ್ಯೂಸ್ಡ್ ಸಬ್‌ಗ್ರಾಫ್‌ಗಳಿಗೂ (ಕೆಲವು ಶೃಂಗಗಳನ್ನು ತೆಗೆದಾಗ ಉಳಿಯುವ ಗ್ರಾಫ್‌ಗಳಿಗೂ) ಇಳಿಯುವ ಗುಣಗಳನ್ನು ಮಾತ್ರ. ಪ್ಲೇನಾರಿಟಿ (ಅಂಚುಗಳು ಒಂದನ್ನೊಂದು ದಾಟದಂತೆ ಬಿಡಿಸಲು ಬರುವುದು) ಆಗಬಹುದು, ಇಂತಿಂಥ ಗ್ರಾಫ್ ಒಳಗಿರಬಾರದು ಎಂಬುದು ಆಗಬಹುದು. ಹ್ಯಾಮಿಲ್ಟೋನಿಯನ್ (ಎಲ್ಲ ಶೃಂಗಗಳನ್ನೂ ಹಾಯುವ ಚಕ್ರ ಇರುವಂಥದು) ಆಗಿರಬೇಕು, ರೆಗ್ಯುಲರ್ (ಎಲ್ಲ ಶೃಂಗಕ್ಕೂ ಒಂದೇ ಡಿಗ್ರಿ) ಆಗಿರಬೇಕು, ಕನೆಕ್ಟೆಡ್ ಆಗಿರಬೇಕು ಎಂದು ನಡುವೆ ಕತ್ತರಿಸಿದರೆ ಉತ್ತರಗಳೇ ಕಾಣೆಯಾಗುತ್ತವೆ. ಅಂಥವನ್ನು ಕೊನೆಯ ಗಾತ್ರ ತಲುಪಿದಾಗ ಮಾತ್ರ ನೋಡಿ. ಫಂಕ್ಷನ್‌ಗೆ ಸದ್ಯದ ಗಾತ್ರ ಮತ್ತು ಗುರಿಯ ಗಾತ್ರ ಎರಡೂ ಬರುವುದು ಇದಕ್ಕೇ.

ಇನ್ನು ಐಸೊಮಾರ್ಫಿಸಂ. ಇಲ್ಲಿ ನಾಟಿ ಏಕೆ ಬೇಕು ಎಂದು ತೋರಿಸಲು ಶ್ರೀಖಂಡೆ ಗ್ರಾಫ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಎಸ್. ಎಸ್. ಶ್ರೀಖಂಡೆ, ಆರ್. ಸಿ. ಬೋಸ್ ಮತ್ತು ಇ. ಟಿ. ಪಾರ್ಕರ್ ಜೊತೆ ಸೇರಿ ಲ್ಯಾಟಿನ್ ಚೌಕಗಳ ಬಗ್ಗೆ ಆಯ್ಲರ್ ಹೇಳಿದ ಊಹೆಯನ್ನು ಸುಳ್ಳು ಮಾಡಿದವರು. 1959ರಲ್ಲಿ ಅವರು ಕಂಡ ಈ ಗ್ರಾಫ್‌ಗೆ 16 ಶೃಂಗ, 48 ಅಂಚು, ಎಲ್ಲ ಶೃಂಗಕ್ಕೂ ಡಿಗ್ರಿ 6. 4×4 ಚದುರಂಗದ ಮನೆಯಲ್ಲಿ ಆನೆಯ ನಡೆಗಳಿಂದ ಬರುವ ಗ್ರಾಫ್‌ಗೂ ಇವೇ ಅಂಕಿ. ಪಕ್ಕದ ಎರಡು ಶೃಂಗಗಳಿಗೆ ಸಾಮಾನ್ಯ ನೆರೆ 2, ಪಕ್ಕದಲ್ಲಿಲ್ಲದವಕ್ಕೂ 2. ಅಡ್ಜಸೆನ್ಸಿ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳೂ ಒಂದೇ. ಪೈಥಾನ್‌ನ ನೆಟ್‌ವರ್ಕ್‌ಎಕ್ಸ್‌ ಲೈಬ್ರರಿಯ ವೈಸ್‌ಫೈಲರ್-ಲೆಮನ್ ಹ್ಯಾಶ್ ಕೊಟ್ಟರೆ ಎರಡಕ್ಕೂ ಒಂದೇ ಹ್ಯಾಶ್ ಬರುತ್ತದೆ, ಏಕೆಂದರೆ ಡಿಗ್ರಿಯಿಂದ ಶುರುಮಾಡಿ, ನೆರೆಗಳ ಬಣ್ಣ ನೋಡಿ ಶೃಂಗಗಳ ಬಣ್ಣದ ಗುಂಪುಗಳನ್ನು ಒಡೆಯುತ್ತಾ ಹೋಗುವ ಆ ವಿಧಾನಕ್ಕೆ ರೆಗ್ಯುಲರ್ ಗ್ರಾಫ್‌ನಲ್ಲಿ ಒಡೆಯಲು ಏನೂ ಸಿಗುವುದಿಲ್ಲ. ಹ್ಯಾಶ್ ಒಂದೇ ಬಂತು ಎಂದು ಡುಪ್ಲಿಕೇಟ್ ತೆಗೆದುಹಾಕುವ ಕೋಡ್ ಇಲ್ಲಿ ಒಂದು ಗ್ರಾಫನ್ನು ನುಂಗಿಬಿಡುತ್ತದೆ.

ನಾಟಿ ಮಾಡುವುದು ಹೀಗೆ: ಬಣ್ಣ ಒಡೆಯುವುದು ನಿಂತಾಗ ಒಂದು ಶೃಂಗವನ್ನು ಬೇರ್ಪಡಿಸಿ ಅದಕ್ಕೆ ಪ್ರತ್ಯೇಕ ಬಣ್ಣ ಕೊಟ್ಟು, ಮತ್ತೆ ಒಡೆಯುತ್ತದೆ. ಈ ಜೋಡಿಯಲ್ಲಿ ಮೊದಲ ಶೃಂಗ ಬೇರ್ಪಡಿಸಿದರೂ 1, 6, 9 ಎಂದು ಎರಡೂ ಒಂದೇ ರೀತಿ ಒಡೆಯುತ್ತವೆ, ಅಲ್ಲಿಗೇ ನಿಲ್ಲುತ್ತವೆ. ಆರು ನೆರೆಯವರಲ್ಲಿ ಇನ್ನೊಂದನ್ನು ಬೇರ್ಪಡಿಸಿದಾಗ ಗುಟ್ಟು ಬಯಲು. ಆನೆಯ ಗ್ರಾಫ್‌ನಲ್ಲಿ ಒಂದು ಶೃಂಗದ ಆರು ನೆರೆಗಳು ಎರಡು ತ್ರಿಕೋನಗಳಾಗಿರುತ್ತವೆ, ಹಾಗಾಗಿ ಉಳಿದ ಐದು 2 ಮತ್ತು 3 ಎಂದು ಒಡೆಯುತ್ತವೆ. ಶ್ರೀಖಂಡೆ ಗ್ರಾಫ್‌ನಲ್ಲಿ ಆರೂ ಸೇರಿ ಒಂದು ಷಟ್ಕೋನ, ಹಾಗಾಗಿ 2, 2, 1. ಆಟೊಮಾರ್ಫಿಸಂ ಗುಂಪಿನ ಗಾತ್ರವೂ ಬೇರೆ: ಆನೆಯ ಗ್ರಾಫ್‌ಗೆ 1152, ಶ್ರೀಖಂಡೆ ಗ್ರಾಫ್‌ಗೆ 192. ಹೀಗೆ ಹುಡುಕುವ ಮರ ಬೆಳೆಯದಂತೆ, ಸಿಕ್ಕ ಆಟೊಮಾರ್ಫಿಸಂಗಳನ್ನೇ ಬಳಸಿ ಕೊಂಬೆ ಕತ್ತರಿಸುವುದರಲ್ಲಿ ಮೆಕೇಯವರ ಜಾಣ್ಮೆ ಇದೆ.

ಇದರ ವ್ಯಾವಹಾರಿಕ ಲಾಭ ದೊಡ್ಡದು. 12,346 ಗ್ರಾಫ್‌ಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೆ 7.6 ಕೋಟಿ ಹೋಲಿಕೆ. ಕೆನಾನಿಕಲ್ ರೂಪಕ್ಕೆ ತಂದರೆ 12,346 ಸಲ ಲೆಕ್ಕ, ಒಂದು ಸಾರ್ಟ್, ಅಷ್ಟೆ. ಲೇಬಲ್‌ಜಿ ರೂಪ ಕೊಡುತ್ತದೆ, ಶಾರ್ಟ್‌ಜಿ ಡುಪ್ಲಿಕೇಟ್ ತೆಗೆದು ಕೊಡುತ್ತದೆ. ಶಾರ್ಟ್‌ಜಿ ತಾತ್ಕಾಲಿಕ ಫೈಲ್‌ಗಳನ್ನು ಬರೆಯುವುದರಿಂದ ದೊಡ್ಡ ಪಟ್ಟಿಗೆ ದೊಡ್ಡ ಟಿ ಆಯ್ಕೆಯಲ್ಲಿ ಜಾಗವಿರುವ ಫೋಲ್ಡರ್ ತೋರಿಸಿ. ಒಂದು ಎಚ್ಚರಿಕೆ: ಜೆಂಗ್ ಕೊಡುವ ಗ್ರಾಫ್‌ಗಳು ಪರಸ್ಪರ ಬೇರೆಯೇ, ಆದರೆ ಎಲ್ ಆಯ್ಕೆ ಹಾಕದಿದ್ದರೆ ಅವು ಕೆನಾನಿಕಲ್ ರೂಪದಲ್ಲಿರುವುದಿಲ್ಲ. ಇನ್ನೊಂದು: ಕೆನಾನಿಕಲ್ ರೂಪ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಆವೃತ್ತಿ ಬದಲಾದರೆ, ಇನ್‌ವೇರಿಯಂಟ್ ಬದಲಾದರೆ, ನಾಟಿ ಬಿಟ್ಟು ಟ್ರೇಸಸ್ ಬಳಸಿದರೆ ಬೇರೆ ರೂಪ ಬರಬಹುದು. ಹಿಂದೆ ಡೇಟಾಬೇಸ್‌ನಲ್ಲಿ ತುಂಬಿಟ್ಟ ರೂಪಗಳನ್ನು ಇಂದಿನ ಆವೃತ್ತಿಯ ರೂಪಗಳ ಜೊತೆ ಹೋಲಿಸಿ ಹೊಸ ಗ್ರಾಫ್ ಸಿಕ್ಕಿತು ಎಂದು ಕುಣಿಯುವ ಮುಂಚೆ ಎರಡನ್ನೂ ಒಂದೇ ಲೇಬಲ್‌ಜಿಯಲ್ಲಿ ಹಾಯಿಸಿ.

ಸಿ ಲೈಬ್ರರಿಯಾಗಿ ಬಳಸುವವರು ಸಿಕ್ಕಿಹಾಕಿಕೊಳ್ಳುವುದು ಬಣ್ಣಗಳಲ್ಲಿ. 0, 1 ಒಂದು ಬಣ್ಣ, 2, 3, 4 ಇನ್ನೊಂದು ಬಣ್ಣ ಆಗಬೇಕಾದರೆ ಲ್ಯಾಬ್ ಅರೇ 0 1 2 3 4, ಪಿಟಿಎನ್ ಅರೇ 1 0 1 1 0. ಸೊನ್ನೆ ಎಂದರೆ ಆ ಬಣ್ಣದ ಗುಂಪು ಅಲ್ಲಿ ಮುಗಿಯಿತು. ಡಿಫಾಲ್ಟ್‌ಪಿಟಿಎನ್ ಆಯ್ಕೆಯನ್ನು ಫಾಲ್ಸ್ ಮಾಡಲು ಮರೆತರೆ ನೀವು ಕೊಟ್ಟ ಬಣ್ಣಗಳನ್ನು ನಾಟಿ ಕಣ್ಣೆತ್ತಿಯೂ ನೋಡುವುದಿಲ್ಲ, ದೂರೂ ಹೇಳುವುದಿಲ್ಲ. ಜೊತೆಗೆ, ಹೊರಬರುವ ಕೆನಾನಿಕಲ್ ಗ್ರಾಫ್‌ನಲ್ಲಿ ಬಣ್ಣದ ಮಾಹಿತಿ ಇರುವುದಿಲ್ಲ. 2+3 ಬಣ್ಣದ ಗ್ರಾಫ್ ಮತ್ತು 3+2 ಬಣ್ಣದ ಗ್ರಾಫ್ ಒಂದೇ ಎಂದು ಕಂಡುಬಿಡಬಹುದು, ಗಾತ್ರಗಳನ್ನು ನೀವೇ ಹೋಲಿಸಬೇಕು. ದಿಕ್ಕುಳ್ಳ ಅಂಚು ಅಥವಾ ಲೂಪ್ ಇದ್ದರೆ ಡೈಗ್ರಾಫ್ ಆಯ್ಕೆ ಟ್ರೂ ಇರಲೇಬೇಕು. ಅಂಚುಗಳಿಗೇ ಬಣ್ಣ ಇದ್ದರೆ ನೇರ ಸೌಲಭ್ಯವಿಲ್ಲ. ಶೃಂಗಗಳನ್ನು ಪದರಗಳಾಗಿ ನಕಲು ಮಾಡಿ, ಒಂದೇ ಶೃಂಗದ ನಕಲುಗಳನ್ನು ಅಂಚಿನಿಂದ ಜೋಡಿಸಿ, ಪದರಕ್ಕೊಂದು ಬಣ್ಣ ಕೊಟ್ಟು, ಬಣ್ಣದ ಸಂಖ್ಯೆಯನ್ನು ಬೈನರಿಯಲ್ಲಿ ಬರೆದು, ಯಾವ ಬಿಟ್ 1 ಇದೆಯೋ ಆ ಪದರದಲ್ಲಿ ಅಂಚು ಹಾಕಬೇಕು. 3 ಬಣ್ಣಕ್ಕೆ 2 ಪದರ, 7 ಬಣ್ಣಕ್ಕೆ 3 ಪದರ ಸಾಕು. ಪೈಥಾನ್‌ನಿಂದ ಹೋಗುವವರಿಗೆ ಪೈನಾಟಿ ಇದೆ, ಸೇಜ್ ಎಂಬ ಗಣಿತ ಸಾಫ್ಟ್‌ವೇರ್‌ನಲ್ಲಿ ಜೆಂಗ್ ಕರೆಯುವ ಸೌಲಭ್ಯ ಒಳಗೇ ಇದೆ. ಕಲಿಕೆಗೆ ಸೇಜ್ ಹಿತ, ದೊಡ್ಡ ಓಟಕ್ಕೆ ನೇರ ಕಮಾಂಡ್‌ಲೈನ್.

ವೇಗದ ವಿಷಯಕ್ಕೆ ಬಂದರೆ ನಾಟಿ ಸೋಲುವ ಗ್ರಾಫ್‌ಗಳೂ ಇವೆ. ಮಿಯಾಝಾಕಿ ಕಟ್ಟಿದ ಗ್ರಾಫ್‌ಗಳಲ್ಲಿ ಅದರ ಸಮಯ ಘಾತೀಯವಾಗಿ ಏರುತ್ತದೆ ಎಂದು 1997ರಲ್ಲೇ ತೋರಿಸಲಾಗಿದೆ. ದೊಡ್ಡ, ಕಷ್ಟದ, ದಿಕ್ಕಿಲ್ಲದ ಗ್ರಾಫ್‌ಗಳಿಗೆ ಟ್ರೇಸಸ್ ಮೇಲು. ಸಣ್ಣ ಗ್ರಾಫ್ ಕೋಟಿಗಟ್ಟಲೆ ಇದ್ದರೆ ನಾಟಿಯೇ. ಲಾಸ್ಲೋ ಬಾಬೈ ಅವರ ಕ್ವಾಸಿ-ಪಾಲಿನಾಮಿಯಲ್ ಅಲ್ಗಾರಿದಂ ಸಿದ್ಧಾಂತದಲ್ಲಿ ದೊಡ್ಡ ಜಿಗಿತ, ಆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಅದರಿಂದ ಏನೂ ಬದಲಾಗಿಲ್ಲ. ಪ್ರತಿಸ್ಪರ್ಧಿಗಳಲ್ಲಿ ಬ್ಲಿಸ್ ಒಳ್ಳೆಯದು. ಸಾಸಿ ಮತ್ತು ಡೆಜಾವು ದೈತ್ಯ ಗಾತ್ರದ ವಿರಳ ಗ್ರಾಫ್‌ಗಳ ಸಿಮೆಟ್ರಿ ಹುಡುಕಲು ಚುರುಕು. ಗ್ರಾಫ್ ಹುಟ್ಟಿಸುವ ಕೆಲಸಕ್ಕೆ ಇವು ಯಾವುವೂ ಜೆಂಗ್‌ಗೆ ಬದಲಿಯಲ್ಲ.

ಜೆಂಗ್ ಕೂಡ ಎಲ್ಲಕ್ಕೂ ಸರಿಯಲ್ಲ. ಮರಗಳು (ಚಕ್ರವಿಲ್ಲದ ಕನೆಕ್ಟೆಡ್ ಗ್ರಾಫ್‌ಗಳು) ಬೇಕಾದರೆ ಅಂಚಿನ ಮಿತಿ ಹಾಕಿ ಜೆಂಗ್ ಓಡಿಸಬೇಡಿ, ಇದೇ ಪ್ಯಾಕೇಜಿನ ಜೆನ್‌ಟ್ರೀಜಿ ಬಳಸಿ. 20 ಶೃಂಗಗಳ 8,23,065 ಮರಗಳು ಕ್ಷಣದಲ್ಲಿ ಬರುತ್ತವೆ. ಕ್ಯೂಬಿಕ್ (ಎಲ್ಲ ಶೃಂಗಕ್ಕೂ ಡಿಗ್ರಿ 3 ಇರುವ) ಗ್ರಾಫ್‌ಗಳಿಗೆ ಗುನ್ನಾರ್ ಬ್ರಿಂಕ್‌ಮನ್ ಮತ್ತು ಯಾನ್ ಗೂಡ್‌ಗೆಬೂರ್ ಅವರ ಸ್ನಾರ್ಕ್‌ಹಂಟರ್, ಪ್ಲೇನಾರ್ ಗ್ರಾಫ್‌ಗಳಿಗೆ ಬ್ರಿಂಕ್‌ಮನ್ ಮತ್ತು ಮೆಕೇ ಬರೆದ ಪ್ಲಾನ್‌ಟ್ರಿ.

ಕರ್ನಾಟಕದಲ್ಲಿ ಇದರ ನೇರ ಉಪಯೋಗ ಇರುವುದು ಗ್ರಾಫ್ ಎನರ್ಜಿ ಮತ್ತು ಡಾಮಿನೇಷನ್ (ಉಳಿದೆಲ್ಲ ಶೃಂಗಗಳಿಗೂ ನೆರೆಯಾಗುವ ಶೃಂಗಗಳ ಗುಂಪಿನ ಅಧ್ಯಯನ) ಮೇಲೆ ಕೆಲಸ ಮಾಡುವವರಿಗೆ. ಧಾರವಾಡದ ಎಚ್. ಎಸ್. ರಮಣೆ, ಎಚ್. ಬಿ. ವಾಲಿಕಾರ್ ಮುಂತಾದವರು ಈಕ್ವಿ-ಎನರ್ಜೆಟಿಕ್ (ಸಮಾನ ಎನರ್ಜಿಯ) ಗ್ರಾಫ್‌ಗಳ ಮೇಲೆ ಬರೆದಿದ್ದಾರೆ, ಕಲಬುರಗಿಯ ವಿ. ಆರ್. ಕುಳ್ಳಿ ಅವರ ಕ್ಷೇತ್ರ ಡಾಮಿನೇಷನ್. ಎನರ್ಜಿ ಎಂದರೆ ಐಗನ್ ಮೌಲ್ಯಗಳ ಚಿಹ್ನೆ ಬಿಟ್ಟು (ನಿರಪೇಕ್ಷ ಮೌಲ್ಯ) ಕೂಡಿಸಿದ ಮೊತ್ತ. ಜೆಂಗ್‌ನ ಪಟ್ಟಿಯನ್ನು ಪೈಥಾನ್‌ನ ನಂಪೈ ಲೈಬ್ರರಿಗೆ ಹಾಯಿಸಿ ಸಮಾನ ಎನರ್ಜಿಯ ಜೋಡಿ ಹುಡುಕುವುದು ಸುಲಭದ ದಾರಿ, ಆದರೆ ದಶಮಾಂಶ ಹೋಲಿಕೆಯನ್ನೇ ನಂಬಿ ಪ್ರಮೇಯ ಬರೆಯಬಾರದು. ಹತ್ತಿರದ ಮೌಲ್ಯಗಳನ್ನು ಆರಿಸಿಕೊಂಡು, ಪೂರ್ಣಾಂಕದ ಕ್ಯಾರಕ್ಟರಿಸ್ಟಿಕ್ ಪಾಲಿನಾಮಿಯಲ್ ತೆಗೆದು ನಿಖರವಾಗಿ ಪರೀಕ್ಷಿಸಿ. ಪಾಲಿನಾಮಿಯಲ್ಲೇ ಒಂದಾಗಿದ್ದರೆ ಎನರ್ಜಿ ಸಮವಾಗುವುದರಲ್ಲಿ ವಿಶೇಷವೇನೂ ಇಲ್ಲ. 5 ಶೃಂಗಗಳಲ್ಲೇ ನಾಲ್ಕರ ಚಕ್ರದ ಜೊತೆ ಒಂದು ಒಂಟಿ ಶೃಂಗ, ಮತ್ತು ನಾಲ್ಕು ಕೈಯ ನಕ್ಷತ್ರ, ಎರಡಕ್ಕೂ ಐಗನ್ ಮೌಲ್ಯಗಳು 2, 0, 0, 0, -2, ಎನರ್ಜಿ 4. ಇಂಥವನ್ನು ಮೊದಲೇ ಸೋಸಿ ಹೊರಹಾಕಿ.

ಪಟ್ಟಿ ಪೂರ್ಣವಾಗಿದೆಯೇ ಎಂದು ನೋಡಲು ಒಂದು ಬಲವಾದ ಪರೀಕ್ಷೆ ಇದೆ. ಪ್ರತಿ ಗ್ರಾಫ್‌ಗೂ ಎನ್ ಫ್ಯಾಕ್ಟೋರಿಯಲ್ ಅನ್ನು ಆಟೊಮಾರ್ಫಿಸಂ ಗುಂಪಿನ ಗಾತ್ರದಿಂದ ಭಾಗಿಸಿ ಎಲ್ಲ ಕೂಡಿಸಿದರೆ, ಲೇಬಲ್ ಇರುವ ಗ್ರಾಫ್‌ಗಳ ಸಂಖ್ಯೆ ಬರಬೇಕು. 4 ಶೃಂಗಗಳ 11 ಗ್ರಾಫ್‌ಗಳಿಗೆ 1 + 6 + 12 + 3 + 4 + 4 + 12 + 3 + 12 + 6 + 1 = 64, ಅಂದರೆ 2ರ 6ನೇ ಘಾತ. 7 ಶೃಂಗಗಳ 1,044 ಗ್ರಾಫ್‌ಗಳಿಗೆ 20,97,152 ಬರಬೇಕು. ಗುಂಪಿನ ಗಾತ್ರವನ್ನು ಕೌಂಟ್‌ಜಿ ಕಮಾಂಡ್ ಎ ಆಯ್ಕೆಯಲ್ಲಿ ವಿಂಗಡಿಸಿ ಕೊಡುತ್ತದೆ. ಒಂದು ಗ್ರಾಫ್ ತಪ್ಪಿದರೂ, ಎರಡು ಸಲ ಬಂದರೂ ಮೊತ್ತ ಕೆಡುತ್ತದೆ. ಲೈಬ್ರರಿಯಿಂದ ಗುಂಪಿನ ಗಾತ್ರ ತೆಗೆಯುವಾಗ ಅದು ದಶಮಾಂಶ ಸಂಖ್ಯೆ ಮತ್ತು 10ರ ಘಾತ ಎಂದು ಎರಡು ತುಂಡಾಗಿ ಬರುತ್ತದೆ, ದೊಡ್ಡ ಗುಂಪುಗಳಿಗೆ ನಿಖರವಲ್ಲ. ಅಂಥ ಕಡೆ ಗುಂಪನ್ನು ಹುಟ್ಟಿಸುವ ಜನರೇಟರ್‌ಗಳನ್ನು ಗ್ಯಾಪ್ ಎಂಬ ಬೀಜಗಣಿತ ಸಾಫ್ಟ್‌ವೇರ್‌ಗೆ ಕೊಟ್ಟು ಲೆಕ್ಕ ಹಾಕಿಸಿ.

ಬೆಲೆ ಸೊನ್ನೆ. 2.6ನೇ ಆವೃತ್ತಿಯಿಂದ ಲೈಸೆನ್ಸ್ ಅಪಾಚೆ 2.0, ಅದಕ್ಕೂ ಹಿಂದಿನದರಲ್ಲಿ ಸೇನಾ ಬಳಕೆಗೆ ನಿರ್ಬಂಧವಿತ್ತು, ಹಾಗಾಗಿ ಹಳೆಯ ಪ್ರತಿ ಇಟ್ಟುಕೊಂಡ ಲ್ಯಾಬ್‌ಗಳು ಹೊಸದಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಕೈಪಿಡಿ ದಪ್ಪ, ನಿಖರ, ನೀರಸ. ಉದಾಹರಣೆ ಸಿ ಪ್ರೋಗ್ರಾಂಗಳು ಅದಕ್ಕಿಂತ ಬೇಗ ಕಲಿಸುತ್ತವೆ. ಪ್ರತಿ ಕಮಾಂಡ್‌ನ ವಿವರ ಹೆಲ್ಪ್ ಆಯ್ಕೆಯಲ್ಲೇ ಸಿಗುತ್ತದೆ. ಪ್ರಬಂಧ ಬರೆಯುವಾಗ 2014ರ ಪ್ರಬಂಧವನ್ನು ಉಲ್ಲೇಖಿಸಿ, ಆವೃತ್ತಿಯ ಸಂಖ್ಯೆ ಮತ್ತು ಓಡಿಸಿದ ಪೂರ್ತಿ ಕಮಾಂಡ್ ಸಾಲನ್ನು ಅದರಲ್ಲಿ ಹಾಕಿ. ರೆಫರಿ ಮೊದಲು ಕೇಳುವುದು ಅದನ್ನೇ.